ನಿಂತ ಮರಕ್ಕೆ ಕೂಲಿ

(ಸೋಸಲೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ವ್ಯಾಸರಾಜ ಮಠದ ಹೆಸರಿನ ಜೊತೆಗೇ ನಾಡಿಗೆಲ್ಲ ಗೊತ್ತಾದ ಊರು ಈ ಸೋಸಲೆ. ಅಯ್ಯಾಶಾಸ್ತ್ರಿಗಳು ತಮ್ಮ ಹೆಸರಿನ ಹಿಂದೆ ಈ ಊರನ್ನು ಇಟ್ಟುಕೊಂಡೇ ಮೈಸೂರಿನ ವಿದ್ವಾಂಸರ ನಡುವೆ ಬಾಳಿದರು. ಇಂಥ ಕಡೆ ದತ್ತಿ ಉಪನ್ಯಾಸವೆಂದರೆ ವೇದಾಂತವೋ ಕಾವ್ಯವೋ ಇರುತ್ತದೆಂದು ನೀವು ನಿರೀಕ್ಷಿಸಿದ್ದರೆ ತಪ್ಪಿಲ್ಲ. ನಾನು ಮಾತಾಡಲು ಬಂದಿರುವುದು ಹಿತ್ತಲಿನ ಹುಣಸೆಮರದ ಕೊಂಬೆಯನ್ನು ಎಲ್ಲಿ ಕೊಯ್ಯಬೇಕು, ಎಲ್ಲಿ ಕೊಯ್ಯಬಾರದು ಎಂಬುದನ್ನು. ವಿಷಯ ಕೇಳಿ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಅವರೇ, "ನಮ್ಮ ಮನೆ ಹಿಂದೆ ಒಂದು ಮಾವಿನ ಮರ ಇದೆ ಸಾರ್, ಅದಕ್ಕೂ ಅನ್ವಯಿಸೋ ಹಾಗೆ ಹೇಳಿ" ಎಂದರು. ಅಲ್ಲಿಗೆ ವಿಷಯ ಒಪ್ಪಿಗೆಯಾಯಿತು.

ಸಸಿ ನೆಡಿ ಎಂದು ಹೇಳುವ ಭಾಷಣ ಇದಲ್ಲ. ಜೂನ್ 5 ಬಂದರೆ ಆ ಭಾಷಣ ಎಲ್ಲ ಶಾಲೆಗಳಲ್ಲೂ ಆಗುತ್ತದೆ, ಹೋದ ವರ್ಷ ತೋಡಿದ ಗುಂಡಿಗೇ ಈ ವರ್ಷವೂ ಸಸಿ ಇಟ್ಟು ಫೋಟೋ ತೆಗೆಸಿಕೊಳ್ಳುವುದೂ ಆಗುತ್ತದೆ. ನೆಟ್ಟವರಿಗೆ ಪುಣ್ಯ ಉಂಟೆಂದು ನಮ್ಮ ಪುರಾಣಗಳು ಹೇಳಿವೆ. ಐವತ್ತು ಅರವತ್ತು ವರ್ಷ ಬೆಳೆದು ನಿಂತ ಮರವನ್ನು ನೋಡಿಕೊಂಡವರಿಗೆ ಏನು ಫಲ ಎಂದು ಯಾರೂ ಹೇಳಿದ ಹಾಗಿಲ್ಲ. ನೋಡಿಕೊಳ್ಳುವುದು ಹೇಗೆ ಎಂದಂತೂ ಈ ಭಾಷಣಗಳಲ್ಲಿ ಹೇಳುವುದಿಲ್ಲ.

ಮೈಸೂರು ಈಗ ಎರಡು ದಾರಿ ಹಿಡಿದು ನಮ್ಮ ಕಡೆಗೆ ಬರುತ್ತಿದೆ. ಒಂದು ನಂಜನಗೂಡಿನ ರಸ್ತೆ, ಇನ್ನೊಂದು ತಿರುಮಕೂಡಲು ನರಸೀಪುರದ ರಸ್ತೆ. ಹೊಲ ಇದ್ದ ಕಡೆ ಬಡಾವಣೆ, ಬಡಾವಣೆಯಲ್ಲಿ 30-40ರ, 40-60ರ ಸೈಟುಗಳು. ಸೈಟಿನ ಕಲ್ಲು ನೆಡುವವರು ಮರ ಎಲ್ಲಿದೆ ಎಂದು ನೋಡಿ ನೆಡುವುದಿಲ್ಲ. ಹೊಲದ ಬದುವಿನ ಹುಣಸೆ ಯಾರದೋ ಅಡುಗೆಮನೆಯ ಹಿಂದಕ್ಕೆ ಬಂದು ಬೀಳುತ್ತದೆ. ತೋಟದ ಮಾವು ಇಬ್ಬರ ಕಾಂಪೌಂಡಿನ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಹಳ್ಳಿಯೊಳಗೂ ಅಷ್ಟೇ. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿದಾಗ ಹಿತ್ತಲು ಅರ್ಧವಾಗುತ್ತದೆ, ಹಿತ್ತಲಲ್ಲಿದ್ದ ಹಲಸು ಮಾತ್ರ ಅಷ್ಟೇ ದೊಡ್ಡದಾಗಿ ಉಳಿಯುತ್ತದೆ. ಮರ ಹಳೆಯದು, ಅದರ ಯಜಮಾನರು ಹೊಸಬರು. ಯಾವ ಕೊಂಬೆ ಯಾವ ಗಾಳಿಗೆ ಮುರಿದಿತ್ತು, ಬುಡಕ್ಕೆ ಯಾವಾಗ ಬೆಂಕಿ ತಗುಲಿತ್ತು ಎಂಬುದೆಲ್ಲ ಹಳೆಯ ಯಜಮಾನರಿಗೆ ಗೊತ್ತಿತ್ತು. ಸೈಟು ಮಾರುವಾಗ ಕ್ರಯಪತ್ರದಲ್ಲಿ ಅದನ್ನು ಬರೆಯುವುದಿಲ್ಲ.

ಹೊಸ ಯಜಮಾನರಿಗೆ ಮರದ ನೆನಪಾಗುವುದು ಭರಣಿ ಮಳೆಯ ಹೊತ್ತಿಗೆ. ಭರಣಿ ಮಳೆ ಧರಣಿ ಬೆಳೆ ಎನ್ನುತ್ತೇವೆ. ಆದರೆ ಏಪ್ರಿಲ್ ಕೊನೆ, ಮೇ ತಿಂಗಳ ಆ ಮಳೆಗಳು ಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲನ್ನೂ ಜೊತೆಗೆ ತರುತ್ತವೆ. ನಮ್ಮ ಕಡೆ ಹೆಚ್ಚು ಮರ ಉರುಳುವುದು ಮುಂಗಾರಿನ ಜಡಿಮಳೆಗಲ್ಲ, ಇದಕ್ಕೇ. ಒಂದು ರಾತ್ರಿ ಪಕ್ಕದ ಬೀದಿಯ ಗುಲ್‌ಮೊಹರ್ ಕಾರಿನ ಮೇಲೆ ಬಿದ್ದರೆ, ಬೆಳಗ್ಗೆ ಬಡಾವಣೆಯ ಎಲ್ಲ ಮನೆಯವರೂ ಮರ ಕಡಿಯುವವರ ಫೋನ್ ನಂಬರ್ ಹುಡುಕುತ್ತಾರೆ.

ಅವರು ಬರುತ್ತಾರೆ. ನಾಲ್ಕು ಜನ, ಎರಡು ಮಚ್ಚು, ಒಂದು ಕೊಡಲಿ, ಒಂದು ಹಳೆಯ ಹಗ್ಗ, ಈಚೆಗೆ ಒಂದು ಪೆಟ್ರೋಲ್ ಗರಗಸ. ಯಜಮಾನರು ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಗುಂಪಿನ ಹಿರಿಯ ಒಂದು ಸುತ್ತು ಮರ ನೋಡಿ ಹೇಳುತ್ತಾನೆ: "ಕೂಲಿ ಏನೂ ಬ್ಯಾಡಿ ಬುದ್ದಿ, ಸೌದೆ ನಮ್ಗೆ ಬುಟ್ಬುಡಿ." ಯಜಮಾನರಿಗೆ ಸಂತೋಷ. ಕಾಸಿಲ್ಲದೆ ಕೆಲಸವಾಯಿತಲ್ಲ.

ಇವತ್ತಿನ ನನ್ನ ಮಾತಿಗೆಲ್ಲ ಮೂಲ ಈ ಒಂದು ಒಪ್ಪಂದ. ಸೌದೆ ಹೋಗುವುದು ಇಟ್ಟಿಗೆ ಗೂಡಿಗೆ, ಛತ್ರದ ಒಲೆಗೆ. ಅಲ್ಲಿ ಬೆಲೆ ತೂಕಕ್ಕೆ. ತೂಕ ಇರುವುದು ದಪ್ಪ, ಹಸಿ, ಗಟ್ಟಿ ಕೊಂಬೆಗಳಲ್ಲಿ. ಮರಕ್ಕೂ ಮನೆಗೂ ಅಪಾಯ ಇರುವುದು ಮೇಲೆಲ್ಲೋ ಒಣಗಿ ನೇತಾಡುವ, ಹುಳು ತಿಂದು ಟೊಳ್ಳಾದ ಕೊಂಬೆಗಳಲ್ಲಿ. ಅವಕ್ಕೆ ತೂಕವಿಲ್ಲ, ಅಷ್ಟು ಎತ್ತರ ಹತ್ತಿದರೆ ಸಿಗುವುದು ಒಂದು ಹೊರೆ ಪುರಲೆ. ನರಸೀಪುರದ ಗುಂಜಾ ನರಸಿಂಹನ ನೆರೆಯವರಾದ ನಿಮಗೆ ಗುಲಗಂಜಿ ತೂಕದ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಸೌದೆಯೇ ಕೂಲಿಯಾದ ಮೇಲೆ ಆ ಮನುಷ್ಯ ಗಟ್ಟಿ ಕೊಂಬೆಯನ್ನು ಕಡಿದು ಒಣಕೊಂಬೆಯನ್ನು ಬಿಡುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಬೆಲ್ಟಿಲ್ಲ, ಹೆಲ್ಮೆಟ್ಟಿಲ್ಲ, ವಿಮೆ ಇಲ್ಲ, ನಲವತ್ತು ಅಡಿ ಮೇಲೆ ಬರಿಗಾಲಲ್ಲಿ ನಿಂತವನಿಗೆ ಮರದ ಹಿತ ನೋಡು ಎನ್ನಲು ನಮಗೆ ಬಾಯಿ ಇಲ್ಲ, ಯಾಕೆಂದರೆ ನಾವು ಕಾಸು ಕೊಟ್ಟಿಲ್ಲ.

ಹೀಗೆ ಬೋಳಿಸಿದ ಮರ ಏನಾಗುತ್ತದೆ? ಮೊದಲ ಮಳೆಗೆ ಕಡಿದ ಮೋಟುಗಳ ಸುತ್ತ ಗೊಂಚಲು ಗೊಂಚಲಾಗಿ ಚಿಗುರು ಒಡೆಯುತ್ತದೆ. ಯಜಮಾನರು, ನೋಡಿ ಮರ ಹೊಸದಾಯಿತು ಎನ್ನುತ್ತಾರೆ. ನಿಜದಲ್ಲಿ ಅದು ಹಸಿವಿನ ಚಿಗುರು. ಎಲೆಯೆಲ್ಲ ಹೋದ ಮರ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಆತುರಾತುರವಾಗಿ ಎಲೆ ಮಾಡಿಕೊಳ್ಳುತ್ತಿರುತ್ತದೆ. ಹಳೆಯ ಕೊಂಬೆ ಕಾಂಡದ ಒಳಗಿನಿಂದ, ವರ್ಷ ವರ್ಷದ ಪದರಗಳಲ್ಲಿ ಕಚ್ಚಿಕೊಂಡು ಬೆಳೆದಿರುತ್ತದೆ. ಈ ಹೊಸ ಚಿಗುರು ತೊಗಟೆಯ ಅಡಿಯಿಂದ ಹೊರಟಿದ್ದು, ಅದರ ಹಿಡಿತ ಮೇಲುಮೇಲಿನದು. ನಾಲ್ಕೈದು ವರ್ಷಕ್ಕೆ ಅದು ತೊಡೆ ದಪ್ಪ ಆಗುತ್ತದೆ, ಅಷ್ಟರಲ್ಲಿ ಅದರ ಕೆಳಗಿನ ಮೋಟು ಕೊಳೆಯಲು ಹಿಡಿದಿರುತ್ತದೆ. ಆಮೇಲೆ ಬರುವ ಯಾವುದೋ ಭರಣಿಯಲ್ಲಿ ಅದೇ ಮುರಿದು ಬೀಳುತ್ತದೆ. ಗಾಳಿಗೆ ಹೆದರಿ ಬೋಳಿಸಿದ ಮರ ಬೋಳಿಸಿದ್ದರಿಂದಲೇ ಗಾಳಿಗೆ ಸೋಲುತ್ತದೆ.

ಹಾಗಾದರೆ ಕೊಂಬೆಯನ್ನು ತೆಗೆಯುವುದೇ ಬೇಡವೇ? ಬೇಕು. ಹೇಗೆ ತೆಗೆಯಬೇಕೆಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಕೇಳಿ.

ನಾಳೆ ಬೆಳಗ್ಗೆ ನಿಮ್ಮ ಮಾವಿನ ಮರದ ಹತ್ತಿರ ಹೋಗಿ ಒಂದು ಕೊಂಬೆ ಕಾಂಡಕ್ಕೆ ಸೇರುವ ಜಾಗ ನೋಡಿ. ಅಲ್ಲಿ ಕೈಬಳೆ ತೊಡಿಸಿದ ಹಾಗೆ ಒಂದು ಉಬ್ಬು ಕಾಣುತ್ತದೆ. ಸುಕ್ಕು ಸುಕ್ಕಾದ ತೊಗಟೆಯ ಉಂಗುರ. ಕೊಂಬೆಯ ಮರ ಅಲ್ಲಿಗೆ ಮುಗಿಯುತ್ತದೆ, ಕಾಂಡದ ಮರ ಅಲ್ಲಿಂದ ಶುರು. ಗಾಯ ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಆದ್ದರಿಂದ ಉಬ್ಬಿನ ಹೊರಗೆ, ಅದಕ್ಕೆ ತಾಗಿದ ಹಾಗೆ, ಆದರೆ ಅದನ್ನು ಮುಟ್ಟದೆ ಕೊಯ್ಯಬೇಕು. ನೀಟಾಗಿ ಕಾಣಲಿ ಎಂದು ಕಾಂಡಕ್ಕೆ ಸಮನಾಗಿ ಸವರಿದರೆ ಉಬ್ಬು ಹೋಗುತ್ತದೆ, ಗಾಯ ಎರಡು ಪಟ್ಟಾಗುತ್ತದೆ. ಒಂದು ಅಡಿ ಮೋಟು ಬಿಟ್ಟರೆ ಆ ಮೋಟು ಕೆಟ್ಟು, ಕೊಳೆತ ಕಾಂಡದ ಒಳಕ್ಕೆ ಇಳಿಯುತ್ತದೆ.

ಕೊಯ್ಯುವುದು ಮೂರು ಸಲ. ಮೊದಲು ಉಬ್ಬಿನಿಂದ ಒಂದು, ಒಂದೂವರೆ ಅಡಿ ಆಚೆ, ಕೊಂಬೆಯ ಕೆಳಗಿನಿಂದ ಗರಗಸ ಹಾಕಿ ದಪ್ಪದ ಮೂರನೇ ಒಂದು ಪಾಲಿನಷ್ಟು ಕೊಯ್ದು ನಿಲ್ಲಿಸಬೇಕು. ಎರಡನೆಯದು ಅದಕ್ಕಿಂತ ಎರಡು ಮೂರು ಅಂಗುಲ ಆಚೆ, ಮೇಲಿನಿಂದ. ಕೊಂಬೆ ತನ್ನ ಭಾರಕ್ಕೆ ಮುರಿದು ಬೀಳುತ್ತದೆ. ಕೆಳಗೆ ಮೊದಲೇ ಕೊಯ್ದಿರುವುದರಿಂದ ಕಾಂಡದ ತೊಗಟೆಯನ್ನು ಸಿಪ್ಪೆಯಾಗಿ ಎಳೆದುಕೊಂಡು ಹೋಗುವುದಿಲ್ಲ. ಮೂರನೆಯದು ಉಳಿದ ಮೋಟನ್ನು ಉಬ್ಬಿನ ಹೊರಗೆ ತೆಗೆಯುವುದು. ಮಚ್ಚಿನಿಂದ ಈ ಕೆಲಸ ಆಗದು, ಗರಗಸವೇ ಬೇಕು. ಮಚ್ಚಿನಲ್ಲಿ ಒಂದೇ ಕಡೆಯಿಂದ ಬೀಸಿ ಕಡಿದ ಹುಣಸೆ ಕೊಂಬೆ ಬುಡದವರೆಗೂ ಕಾಂಡವನ್ನು ಸೀಳಿಕೊಂಡು ಹೋಗಿರುವುದನ್ನು ನೀವೆಲ್ಲ ನೋಡಿದ್ದೀರಿ.

ಈ ಉಬ್ಬಿನ ಮಹತ್ವವನ್ನು ಜಗತ್ತಿಗೆ ತೋರಿಸಿದವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ. ಅವರಿಗಿಂತ ಹಿಂದಿನವರು ಮರವನ್ನು ಅಡ್ಡಕ್ಕೆ ಕೊಯ್ದು ಪರೀಕ್ಷಿಸುತ್ತಿದ್ದರು. ಶೈಗೊ ಕೆಲಸಕ್ಕೆ ಇಳಿದ ಹೊತ್ತಿಗೆ ಒಬ್ಬರೇ ಹಿಡಿದು ಕೊಯ್ಯಬಹುದಾದ ಯಂತ್ರದ ಗರಗಸ ಆಗ ತಾನೇ ಬಂದಿತ್ತು. ಅದರಿಂದ ಅವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದರು. ಕಂಡದ್ದಿಷ್ಟು: ನಮ್ಮ ಚರ್ಮದ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರ ರಿಪೇರಿ ಮಾಡುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿಕೊಂಡು ಹೊರಗೆ ಹೊಸ ಮರ ಬೆಳೆಸುತ್ತದೆ. ನಾಲ್ಕು ದಿಕ್ಕಿನ ಆ ಗೋಡೆಗಳ ವಿಚಾರ 1977ರಲ್ಲಿ ಪ್ರಕಟವಾಯಿತು. ಗೋಡೆ ಗಟ್ಟಿಯಾಗಿದ್ದರೆ ನೂರು ವರ್ಷದ ಹಿಂದಿನ ಕೊಳೆತವೂ ಒಳಗೇ ಬಂದಿಯಾಗಿರುತ್ತದೆ.

ಇದರಿಂದ ನಮ್ಮ ಎರಡು ಅಭ್ಯಾಸಗಳಿಗೆ ಪೆಟ್ಟು ಬೀಳುತ್ತದೆ. ಒಂದು, ಕಡಿದ ಜಾಗಕ್ಕೆ ಡಾಂಬರು, ಬಣ್ಣ ಬಳಿಯುವುದು. ಅದರಿಂದ ಕೊಳೆತ ನಿಲ್ಲುವುದಿಲ್ಲ, ಒಳಗೆ ತೇವ ಕಟ್ಟಿ ಶಿಲೀಂಧ್ರಕ್ಕೆ ಅನುಕೂಲವೂ ಆಗಬಹುದು. ತೋಟದ ಎಳೆಯ ಮಾವಿಗೆ, ಅಂಟು ಸೋರುವ ಕಾಯಿಲೆ ಇದ್ದಾಗ, ಬೋರ್ಡೊ ಮುಲಾಮಿಗೆ ಒಂದು ಜಾಗ ಉಂಟು. ಅದು ಔಷಧಿಯ ಮಾತು. ದೊಡ್ಡ ಮರದ ಒಳ್ಳೆಯ ಕೊಯ್ತಕ್ಕೆ ಬರಿ ಗಾಳಿ ಬಿಸಿಲು ಸಾಕು. ಎರಡು, ಪೊಟರೆಗೆ ಸಿಮೆಂಟು ತುಂಬುವುದು. ಅಮೆರಿಕದಲ್ಲೂ ನೂರು ವರ್ಷದ ಹಿಂದೆ ಮರದ ವೈದ್ಯರು ಎನಿಸಿಕೊಂಡವರು ಇದನ್ನು ಹೆಮ್ಮೆಯಿಂದ ಮಾಡುತ್ತಿದ್ದರು, ಆಮೇಲೆ ಕೈಬಿಟ್ಟರು. ಮರ ಗಾಳಿಗೆ ತೂಗುತ್ತದೆ, ಸಿಮೆಂಟು ತೂಗುವುದಿಲ್ಲ. ಒಳಗೆ ಉಜ್ಜಿ ಉಜ್ಜಿ ಮರ ಕಷ್ಟಪಟ್ಟು ಕಟ್ಟಿದ ಗೋಡೆಯನ್ನೇ ಅದು ಒಡೆಯುತ್ತದೆ. ಪೊಟರೆಯನ್ನು ಹಾಗೇ ಬಿಡಿ, ಗಿಳಿಗೋ ಗೂಬೆಗೋ ಆಗುತ್ತದೆ.

ಇದೆಲ್ಲ ಹೊರಗಿನವರ ವಿದ್ಯೆ ಎಂದು ಯಾರಾದರೂ ಅಂದುಕೊಂಡರೆ ಒಂದು ಮಾತು. ಕನ್ನಡದಲ್ಲಿ ಸಾವಿರ ವರ್ಷದ ಹಿಂದೆ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದಾಗ ಅದರಲ್ಲಿ ವೃಕ್ಷಾಯುರ್ವೇದಕ್ಕೆ ಜಾಗ ಕೊಟ್ಟ. ಅದಕ್ಕೂ ಹಿಂದೆ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ, ರೋಗ ಬಂದ ಭಾಗವನ್ನು ಮೊದಲು ಶಸ್ತ್ರದಿಂದ ಶುದ್ಧ ಮಾಡಿ, ಆಮೇಲೆ ವಾಯುವಿಳಂಗ, ತುಪ್ಪ, ಕೆಸರು ಕಲಸಿ ಹಚ್ಚಬೇಕೆಂಬ ಚಿಕಿತ್ಸೆ ಇದೆ. ತುಪ್ಪ ಕೆಸರಿನ ಗುಣ ಏನೇ ಇರಲಿ, ಕೆಟ್ಟ ಭಾಗವನ್ನು ಶಸ್ತ್ರದಿಂದ ಶುದ್ಧ ಮಾಡುವುದನ್ನು ಅವರು ಮೊದಲಿಗೇ ಇಟ್ಟಿದ್ದರು. ಈಗ ವೃಕ್ಷಾಯುರ್ವೇದದ ಹೆಸರಲ್ಲಿ ಕುಣಪಜಲವೆಂಬ ದ್ರವಗೊಬ್ಬರದ ಬಾಟಲಿ ಮಾರುವವರು ಆ ಭಾಗವನ್ನು ಓದಿದ ಹಾಗೆ ಕಾಣುವುದಿಲ್ಲ.

ಇನ್ನು ಬೇರಿನ ವಿಷಯ. ಕೊಂಬೆ ಕಡಿದು ಸತ್ತ ಮರಗಳಿಗಿಂತ ಬೇರು ಉಸಿರುಗಟ್ಟಿ ಸಾಯುವ ಮರಗಳೇ ಬಡಾವಣೆಗಳಲ್ಲಿ ಹೆಚ್ಚು ಎಂಬುದು ನನ್ನ ಅಂದಾಜು.

ಮರ ಎಷ್ಟು ಎತ್ತರವೋ ಬೇರು ಅಷ್ಟೇ ಆಳ ಎಂದು ನಮ್ಮಲ್ಲಿ ಒಂದು ನಂಬಿಕೆ. ಬೆಳೆದ ಮರದಲ್ಲಿ ನೀರು ಗೊಬ್ಬರ ಹೀರುವ ಬೇರುಗಳೆಲ್ಲ ಹೆಚ್ಚುಕಡಿಮೆ ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಕೆಳಗೆ ಗಾಳಿ ಇಲ್ಲ, ಗಾಳಿ ಇಲ್ಲದ ಕಡೆ ಬೇರಿಗೆ ಕೆಲಸವಿಲ್ಲ. ಅಗಲಕ್ಕೆ ಮಾತ್ರ ಅವು ನೆರಳಿನ ಅಂಚನ್ನು ದಾಟಿ ಹೋಗುತ್ತವೆ. ಮರದ ತಜ್ಞರು ಬಳಸುವ ಒಂದು ಸರಳ ಲೆಕ್ಕ ಇದೆ. ಎದೆಯೆತ್ತರದಲ್ಲಿ ಕಾಂಡದ ಅಡ್ಡಳತೆ ಎಷ್ಟು ಅಂಗುಲವೋ ಅಷ್ಟು ಅಡಿ ದೂರದವರೆಗೆ, ಸುತ್ತಲೂ, ಬೇರನ್ನು ಮುಟ್ಟಬಾರದು. ಆರು ಅಡಿ ಸುತ್ತಳತೆಯ ಮಾವು ಎಂದಿಟ್ಟುಕೊಳ್ಳಿ. ಅಡ್ಡಳತೆ ಸುಮಾರು 23 ಅಂಗುಲ. ಕಾಂಡದಿಂದ ಪ್ರತಿ ದಿಕ್ಕಿಗೆ 23 ಅಡಿ ಅದರ ಜಾಗ, ಅಂದರೆ ಈ ತುದಿಯಿಂದ ಆ ತುದಿಗೆ 46 ಅಡಿ. 30-40ರ ಸೈಟಿನ ಉದ್ದವೇ 40. ಪಕ್ಕದ ಮನೆಯವರು ಸಂಪು ತೋಡಿದರೂ ಎದುರು ಮನೆಯವರು ಒಳಚರಂಡಿ ಪೈಪಿಗೆ ಜೆಸಿಬಿ ಹಾಕಿದರೂ ಕಡಿಯುವುದು ನಿಮ್ಮ ಮಾವಿನ ಬೇರನ್ನು.

ತೊಂದರೆ ಏನೆಂದರೆ ಮರ ದೂರು ಕೊಡುವುದು ತಡವಾಗಿ. ಬೇರು ಕಡಿದ ವರ್ಷ ಅದು ಎಂದಿನಂತೆ ಹೂ ಬಿಡುತ್ತದೆ, ಕೆಲವು ಸಲ ಹೆಚ್ಚೇ ಬಿಡುತ್ತದೆ. ಎರಡನೇ ವರ್ಷ ಎಲೆ ಚಿಕ್ಕದಾಗುತ್ತದೆ, ಮೂರನೇ ವರ್ಷ ನೆತ್ತಿ ಒಣಗುತ್ತದೆ. ಅಷ್ಟರಲ್ಲಿ ಗೃಹಪ್ರವೇಶ ಮುಗಿದು ಬಹಳ ದಿನವಾಗಿರುತ್ತದೆ, ಪಾಯ ತೋಡಿದ್ದು ಯಾರಿಗೂ ನೆನಪಿರುವುದಿಲ್ಲ. ಯಾರದೋ ಕಣ್ಣು ಬಿತ್ತು ಎನ್ನುತ್ತಾರೆ. ನೆರೆ ಬಂದಾಗಲೂ ಹೀಗೇ. 2018ರಲ್ಲೂ 2019ರಲ್ಲೂ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ರಸ್ತೆಯೇ ಮುಚ್ಚಿತ್ತಲ್ಲ. ಬೇರಿನ ಸುತ್ತ ನೀರು ದಿನಗಟ್ಟಲೆ ನಿಂತರೆ ಹೊಂಗೆ, ನೇರಳೆ ತಡೆದುಕೊಳ್ಳುತ್ತವೆ. ಹಲಸು ತಡೆಯದು. ನಾಲೆಯ ಬಸಿನೀರು ನಿಲ್ಲುವ ಹಿತ್ತಲಲ್ಲಿ ಹಲಸು ಇರುವವರು ಬಸಿಗಾಲುವೆ ಒಂದನ್ನು ತೆಗೆದು ನೀರನ್ನು ಆಚೆ ಬಿಡಿ, ಅದಕ್ಕೆ ಬೇರೆ ಔಷಧವಿಲ್ಲ.

ಬೇರಿನ ಉಸಿರು ಕಟ್ಟಿಸುವವು ಇನ್ನೂ ಇವೆ: ಅಂಗಳಕ್ಕೆ ಇಂಟರ್‌ಲಾಕ್ ಟೈಲ್ಸ್, ಮರದ ಸುತ್ತ ಕಾಂಕ್ರೀಟು, ಅದರ ಮೇಲೊಂದು ಗ್ರಾನೈಟ್ ಕಟ್ಟೆ. ಅಶ್ವತ್ಥಕಟ್ಟೆಯ ಸಂಪ್ರದಾಯ ನಮ್ಮದೇ ಎಂದು ನೀವು ಹೇಳಬಹುದು. ಹಳೆಯ ಕಟ್ಟೆಗಳು ಕಲ್ಲು ಮಣ್ಣಿನವು, ಸಂದುಗಳಲ್ಲಿ ನೀರೂ ಗಾಳಿಯೂ ಇಳಿಯುತ್ತಿದ್ದವು. ಅಶ್ವತ್ಥ, ಆಲದ ಜಾತಿಯೂ ಬೇರೆ, ಅವು ಗೋಡೆಯ ಮೇಲೂ ಬದುಕುತ್ತವೆ. ಮಾವು, ಬೇವು, ಸಂಪಿಗೆಗೆ ಬುಡದ ಮೇಲೆ ಎರಡು ಅಡಿ ಮಣ್ಣೇರಿಸಿದರೆ ಸಾಕು, ತೊಗಟೆ ಕೊಳೆಯುತ್ತದೆ. ಕಾಂಡ ನೆಲ ಸೇರುವಲ್ಲಿ ಅಗಲವಾಗಿ ಹರಡಿಕೊಂಡಿರುವ ಬುಡ ಕಣ್ಣಿಗೆ ಕಾಣಬೇಕು. ವಿದ್ಯುತ್ ಕಂಬ ಹುಗಿದಂತೆ ನೇರವಾಗಿ ಮಣ್ಣಿನೊಳಕ್ಕೆ ಇಳಿದಿದ್ದರೆ ಯಾರೋ ಮಣ್ಣು ತುಂಬಿದ್ದಾರೆ ಎಂದೇ ಅರ್ಥ. ದೆಹಲಿಯ ಮರಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ, ಮರದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟು ಕೀಳಿಸಬೇಕೆಂದು ಆದೇಶ ಕೊಟ್ಟಿತು. ಒಂದು ಮೀಟರ್ ಎಂಬುದು ಮರಕ್ಕೆ ಏನೇನೂ ಸಾಲದು, ಆದರೂ ಅಷ್ಟಾದರೂ ನಮ್ಮ ಅಂಗಳದಲ್ಲಿ ಯಾವ ನ್ಯಾಯಾಲಯವೂ ಹೇಳದೆ ಬಿಡಬಹುದು.

ಇನ್ನೊಂದು ಪಿಡುಗು ಹೇಳದೆ ಇರಲಾರೆ. ಬೆಳಗ್ಗೆ ಅಂಗಳ ಗುಡಿಸಿ ಕಸವನ್ನೆಲ್ಲ ಮರದ ಬುಡಕ್ಕೇ ಒಟ್ಟಿ ಬೆಂಕಿ ಹಚ್ಚುವುದು. ತೊಗಟೆಯ ಒಳಗೆ ಬೆರಳುಗುರಿನಷ್ಟೂ ದಪ್ಪವಿಲ್ಲದ ಒಂದು ಜೀವಂತ ಪದರ ಇದೆ, ಮರ ದಪ್ಪವಾಗುವುದೇ ಅದರಿಂದ. ಬಿಸಿಗೆ ಅದು ಒಂದು ಮಗ್ಗುಲಲ್ಲಿ ಸತ್ತರೆ ಆ ಮಗ್ಗುಲು ಮತ್ತೆ ಬೆಳೆಯುವುದಿಲ್ಲ. ಬುಡದಲ್ಲಿ ತ್ರಿಕೋನವಾಗಿ ಕರಿಗಟ್ಟಿ ತೆರೆದುಕೊಂಡ ಪೊಟರೆಗಳು ನಮ್ಮ ಊರುಗಳಲ್ಲಿ ಎಷ್ಟಿವೆ ನೋಡಿ, ಹಲವು ಪೊರಕೆಯ ಕೃಪೆ. ಆ ಎಲೆಯನ್ನು ಸುಡದೆ ನೆರಳಿನ ಅಂಚಿನವರೆಗೆ ಹರಡಿದರೆ ಅದೇ ಗೊಬ್ಬರ. ಬೇಸಿಗೆಯಲ್ಲಿ ನೀರು ಹಾಕುವುದಿದ್ದರೂ ಆ ಅಂಚಿಗೇ ಹಾಕಬೇಕು, ಕಾಂಡಕ್ಕೆ ಅಭಿಷೇಕ ಮಾಡಿ ಪ್ರಯೋಜನವಿಲ್ಲ. ಬಟ್ಟೆ ಒಣಗಿಸುವ ತಂತಿಯನ್ನು ಕಾಂಡಕ್ಕೆ ಸುತ್ತಿದ್ದರೆ ಇವತ್ತೇ ಬಿಚ್ಚಿ. ತೊಗಟೆಯೊಳಗೆ ಹೂತುಹೋಗಿದ್ದರೆ ಕೀಳಲು ಹೋಗದೆ ಹೊರಗಿನ ತುದಿ ಕತ್ತರಿಸಿ ಬಿಡಿ.

ಬೇವಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮಳೆಗಾಲದ ನಡುವಿಂದ ಬೇವಿನ ಮರದ ತುದಿಗಳು ಕಂದುಬಣ್ಣಕ್ಕೆ ತಿರುಗಿ, ಬೆಂಕಿ ತಗುಲಿತೋ ಎಂಬಂತೆ ಒಣಗುವುದನ್ನು ನೀವು ಕಂಡಿರುತ್ತೀರಿ. ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಹೊಸ ಪ್ರಭೇದವೆಂದು 1997ರಲ್ಲಿ ಹೆಸರಿಟ್ಟವರು ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿಗಳು. ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂದು ಆ ಹೆಸರು. ಇಷ್ಟು ಹತ್ತಿರದಲ್ಲಿ ಕಂಡುಹಿಡಿದ ಕಾಯಿಲೆಯ ಬಗ್ಗೆ ಇಷ್ಟು ಹತ್ತಿರದ ನಮಗೇ ತಿಳಿವಳಿಕೆ ಇಲ್ಲ. ಮರ ಸತ್ತಿತೆಂದು ಕಡಿಸಿಬಿಡುತ್ತೇವೆ. ಬಹಳಷ್ಟು ಬೇವು ಬೇಸಿಗೆಯ ಹೊತ್ತಿಗೆ ಮತ್ತೆ ಚಿಗುರುತ್ತದೆ. ಅನುಮಾನವಿದ್ದರೆ ಬೆರಳು ದಪ್ಪದ ರೆಂಬೆಯ ತೊಗಟೆಯನ್ನು ಉಗುರಿನಲ್ಲಿ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ತೇವ ಕಂಡರೆ ಜೀವ ಇದೆ. ಕಂದು ಪುಡಿ ಬಂದರೆ ಇನ್ನೂ ಒಂದು ಮೊಳ ಕೆಳಗೆ ಬಂದು ಕೆರೆಯಿರಿ. ಹಸಿರು ಸಿಕ್ಕಿದ ಕಡೆಯಿಂದ ಇನ್ನೊಂದಿಷ್ಟು ಕೆಳಗೆ, ಒಣ ಹವೆಯಲ್ಲಿ, ಕತ್ತರಿಸಿ ಆ ಕಡ್ಡಿಗಳನ್ನು ದೂರ ಒಯ್ದು ಸುಡಿ. ಸುಡಲೇಬೇಕಾದ್ದು ಇದನ್ನು, ಎಲೆಯನ್ನಲ್ಲ.

ಮಾವು ಹೊಂಗೆಗಳ ಮೇಲೆ ಬೆಳೆಯುವ ಬಂದಳಿಕೆಯನ್ನು ಬರಿ ಕಿತ್ತು ಹಾಕಿದರೆ ಮತ್ತೆ ಬರುತ್ತದೆ, ಅದು ಕಚ್ಚಿದ ಜಾಗದಿಂದ ಕೆಳಗೆ ಕೊಂಬೆ ಸಮೇತ ತೆಗೆಯಬೇಕು. ಮಾವಿನ ಕಾಂಡದಿಂದ ಗರಗಸದ ಹುಡಿಯಂಥ ಪುಡಿ ಉದುರುತ್ತಿದ್ದರೆ ಒಳಗೆ ಕಾಂಡಕೊರಕದ ಹುಳು ಇದೆ. ತಂತಿ ತೂರಿಸಿ ಹುಳು ತೆಗೆದು ರಂಧ್ರವನ್ನು ಜೇಡಿಮಣ್ಣಿನಿಂದ ಮೆತ್ತಬೇಕು. ತೆಂಗಿನ ವಿಷಯ ಬೇರೆ. ಅದಕ್ಕೆ ಮಾವಿನ ಹಾಗೆ ಹೊರಗಿನಿಂದ ದಪ್ಪವಾಗುವ ಪದರವೇ ಇಲ್ಲ, ಆದ್ದರಿಂದ ಒಮ್ಮೆ ಆದ ಗಾಯ ಅದು ಬದುಕಿರುವವರೆಗೂ ತೆರೆದೇ ಇರುತ್ತದೆ. ಹತ್ತಲು ಸುಲಭವಾಗಲಿ ಎಂದು ಕಚ್ಚು ಹಾಕಿದ ಪ್ರತಿ ಮೆಟ್ಟಿಲೂ ಕೆಂಪು ಮೂತಿ ಹುಳುವಿಗೆ ತೆರೆದ ಬಾಗಿಲು.

ಮರ ಬೀಳುತ್ತದೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಎಲ್ಲರೂ ಕೇಳುವ ಪ್ರಶ್ನೆ ಇದು. ವಾಲಿದ್ದೆಲ್ಲ ಬೀಳುವುದಿಲ್ಲ, ಎಳೆತನದಿಂದ ವಾಲಿ ಬೆಳೆದ ಮರ ಆ ವಾಲಿಗೆ ತಕ್ಕ ಹಾಗೆ ಬೇರು ಕಟ್ಟಿಕೊಂಡಿರುತ್ತದೆ. ಹೊಸದಾಗಿ ವಾಲಿದ್ದು, ವಾಲಿದ ಬೆನ್ನಿನ ಕಡೆ ನೆಲ ಬಿರುಕು ಬಿಟ್ಟಿದ್ದು, ಬುಡದಲ್ಲಿ ಗಟ್ಟಿ ಅಣಬೆ ಹಲಗೆಯಂತೆ ಚಾಚಿಕೊಂಡದ್ದು, ಎರಡು ಕೊಂಬೆ ಇಕ್ಕಟ್ಟಾಗಿ ಸೇರುವ ಕವಲಿನಲ್ಲಿ ಸೀಳು ಬಿಟ್ಟದ್ದು, ಇಂಥವನ್ನು ಕಂಡರೆ ತಡಮಾಡಬಾರದು. ಟೊಳ್ಳಾದ ಮರವೂ ಕೂಡಲೇ ಬೀಳಬೇಕೆಂದಿಲ್ಲ. ಜರ್ಮನಿಯ ಕ್ಲೌಸ್ ಮಾಟೆಕ್ ಮುರಿದ ಮತ್ತು ಮುರಿಯದ ಮರಗಳನ್ನು ಅಳೆದು ಒಂದು ಅಂದಾಜು ಕೊಟ್ಟರು. ಟೊಳ್ಳಿನ ಸುತ್ತ ಉಳಿದ ಗಟ್ಟಿ ಮರ, ಕಾಂಡದ ಅರ್ಧ ಅಡ್ಡಳತೆಯ ಮೂರನೇ ಒಂದು ಪಾಲಿನಷ್ಟಾದರೂ ಇದ್ದರೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ. ಮರದ ಕೊಡತಿಯಿಂದ ತಟ್ಟಿ ಸದ್ದು ಕೇಳುವುದು ಮೊದಲ ಪರೀಕ್ಷೆ. ಜಾತಿಯನ್ನೂ ನೋಡಬೇಕು. ಗುಲ್‌ಮೊಹರ್, ನೀರುಕಾಯಿ ಮರ, ಸಿಲ್ವರ್ ಓಕ್ ಇವುಗಳ ಕೊಂಬೆಗಳು ಸುಲಭಕ್ಕೆ ಮುರಿಯುತ್ತವೆ. ಹುಣಸೆ ಮುರಿಯುವುದು ಅಪರೂಪ. ಮನೆ ಹತ್ತಿರ ಹುಣಸೆ ಇದ್ದರೆ ದೆವ್ವ ಎಂದು ಕಡಿಸುವವರು ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪಿಗೆ ಒಮ್ಮೆ ಹೋಗಿಬನ್ನಿ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದು ಅದೇ.

ಕಾನೂನಿನ ಮಾತು ಚಿಕ್ಕದಾಗಿ. ಸ್ವಂತ ಜಾಗದ ಮರವಾದರೂ ಕಡಿಯಲು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ. ತೆಂಗು, ನೀಲಗಿರಿ, ಸರ್ವೆಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಶ್ರೀಗಂಧ 2001ರ ತಿದ್ದುಪಡಿಯ ನಂತರ ಜಮೀನಿನವರದ್ದೇ, ಆದರೂ ಇಲಾಖೆಯ ಒಪ್ಪಿಗೆಯಿಲ್ಲದೆ ಕಡಿಯುವಂತಿಲ್ಲ. ನಿಮ್ಮ ಹಳ್ಳಿಗೆ ಯಾವ ನಿಯಮ ಎಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಕೊಂಬೆ ವಿದ್ಯುತ್ ತಂತಿಗೆ ತಾಗಿದ್ದರೆ ನೀವಾಗಲಿ, ನೀವು ಕರೆಸಿದವರಾಗಲಿ ಮುಟ್ಟಬೇಡಿ, ಹಸಿ ಕೊಂಬೆಯಲ್ಲಿ ಕರೆಂಟು ಹರಿಯುತ್ತದೆ. 1912ಕ್ಕೆ ಫೋನ್ ಮಾಡಿ, ಲೈನ್ ಬಂದ್ ಮಾಡಿಸಿ, ಆಮೇಲೆ ಕೆಲಸ.

ಇಷ್ಟೆಲ್ಲ ಮಾಡಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ಅಮೆರಿಕದಲ್ಲಿ ಮರ ನೋಡಿಕೊಳ್ಳುವವರ ಸಂಘಕ್ಕೆ 1924ರಿಂದ ಇತಿಹಾಸವಿದೆ. ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವರು ಹಗ್ಗ, ಸೀಟು, ಹೆಲ್ಮೆಟ್ಟಿನೊಂದಿಗೆ ಮನೆಮನೆಯ ಮರ ಹತ್ತುತ್ತಾರೆ. ನಮ್ಮಲ್ಲಿ ಹೆಸರಾದ ಮರಕ್ಕೆ ಕಷ್ಟ ಬಂದರೆ ಇಲಾಖೆ, ವಿಜ್ಞಾನಿ, ಯಂತ್ರ ಎಲ್ಲ ಬರುತ್ತವೆ. ಸವಣೂರಿನ ಮಠದ ಆವರಣದಲ್ಲಿ ದೊಡ್ಡ ಹುಣಸೆ ಎಂದು ಕರೆಯುವ ಬಾವೊಬಾಬ್ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು, ಅದು ಚಿಗುರಿತು. ಹಿತ್ತಲಿನ ಮರಕ್ಕೆ ಆ ಭಾಗ್ಯವಿಲ್ಲ, ಬೇಕಾಗಿಯೂ ಇಲ್ಲ. ಅದಕ್ಕೆ ಬೇಕಾದ್ದು ಮೂರು ವರ್ಷಕ್ಕೊಮ್ಮೆ ಒಣಕೊಂಬೆ ತೆಗೆಯುವ ಒಬ್ಬ ಕಲಿತ ಮನುಷ್ಯ.

ಅಂಥವರನ್ನು ತಯಾರು ಮಾಡಬಹುದು ಎಂಬುದಕ್ಕೆ ತೆಂಗೇ ಸಾಕ್ಷಿ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಕೇರಳದಲ್ಲಿ ಶುರುಮಾಡಿದ ತರಬೇತಿಯಲ್ಲಿ ಯುವಕ ಯುವತಿಯರಿಗೆ ಯಂತ್ರ ಕಟ್ಟಿಕೊಂಡು ಮರ ಹತ್ತುವುದನ್ನೂ ಸುಳಿ ಶುಚಿ ಮಾಡುವುದನ್ನೂ ಕಲಿಸಿದರು, ವಿಮೆಯನ್ನೂ ಮಾಡಿಸಿದರು. ಅದು ಕರ್ನಾಟಕಕ್ಕೂ ಬಂತು. ಹತ್ತುವ ಧೈರ್ಯ ನಮ್ಮ ಹುಡುಗರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಎಲ್ಲಿ ಕೊಯ್ಯಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನಷ್ಟೇ ಕಲಿಸಬೇಕು. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಹಳೆಯ ಮರವಾದರೆ ಅದಕ್ಕಿಂತಲೂ ಕಡಿಮೆ ಎಂಬ ಒಂದು ನಿಯಮ ಕಲಿತರೂ ಅರ್ಧ ವಿದ್ಯೆ ಬಂದ ಹಾಗೆ.

ಆದರೆ ಕಲಿತವನಿಗೆ ಹೊಟ್ಟೆ ತುಂಬಬೇಕಲ್ಲ. ಸೌದೆಯ ಲೆಕ್ಕ ಇರುವವರೆಗೂ ಕಲಿತವನಿಗೆ ನಷ್ಟ, ಕಲಿಯದವನಿಗೆ ಲಾಭ. ಹದವಾಗಿ ಕೆಲಸ ಮಾಡಿದ ದಿನ ಕೆಳಗೆ ಬೀಳುವುದು ಒಂದು ತಳ್ಳುಗಾಡಿಯಷ್ಟು ಪುರಲೆ, ಅದನ್ನು ಇಟ್ಟಿಗೆ ಗೂಡಿನವರು ಮೂಸಿಯೂ ನೋಡುವುದಿಲ್ಲ. ಮನೆಗೆ ಐವತ್ತು ಲಕ್ಷ ಹಾಕುವವರು, ಟೈಲ್ಸ್ ಕೂರಿಸುವವನಿಗೆ ಚದರಡಿ ಲೆಕ್ಕದಲ್ಲಿ ಕೂಲಿ ಕೊಡುವವರು, ಆ ಮನೆಗೆ ನೆರಳು ಕೊಡುವ ಮರದ ಕೆಲಸವನ್ನು ಮಾತ್ರ ಬಿಟ್ಟಿಯಾಗಿ ಮಾಡಿಸಿಕೊಳ್ಳಲು ನೋಡುವುದು ನನಗೆ ಸರಿ ಕಾಣುವುದಿಲ್ಲ.

ಈ ಸಭೆಯಲ್ಲಿ ಗ್ರಾಮ ಪಂಚಾಯಿತಿಯ ಸದಸ್ಯರಿದ್ದಾರೆ, ಯುವಕ ಸಂಘದವರಿದ್ದಾರೆ. ಅವರಲ್ಲಿ ಒಂದು ಕೋರಿಕೆ. ಈಗಾಗಲೇ ಮರ ಹತ್ತುವ ನಾಲ್ಕು ಜನರನ್ನು ಹುಡುಕಿ, ಅವರಿಗೆ ಒಂದು ಒಳ್ಳೆಯ ಹಗ್ಗ, ಸೊಂಟದ ಪಟ್ಟಿ, ಹೆಲ್ಮೆಟ್, ಬಾಗಿದ ಕೈಗರಗಸ ಕೊಡಿಸಿ, ವಿಮೆ ಮಾಡಿಸಿ. ತೋಟಗಾರಿಕೆ ಇಲಾಖೆಯವರನ್ನು ಕರೆಸಿ ಅವರಿಗೆ ಕಲಿಸುವ ಏರ್ಪಾಡು ಮಾಡಿ, ಮೂರು ಕೊಯ್ತದ ಪಾಠಕ್ಕೆ ಸಂಭಾವನೆ ಇಲ್ಲದೆ ನಾನೂ ಬರುತ್ತೇನೆ. ಮನೆಯವರಲ್ಲಿ ಇನ್ನೊಂದು ಕೋರಿಕೆ. ಕೆಲಸ ಮಾಡಿಸುವುದನ್ನು ಭರಣಿಯವರೆಗೆ ಎಳೆಯಬೇಡಿ, ಶಿವರಾತ್ರಿಯ ಆಸುಪಾಸಿನ ಒಣ ಹವೆಯಲ್ಲಿ ಮಾಡಿಸಿ, ಮಾವು ಹಲಸಾದರೆ ಕಾಯಿ ಇಳಿಸಿದ ಮೇಲೆ. ಅವರು ಬಂದಾಗ ಯಾವ ಕೊಂಬೆ ಯಾಕೆ ಎಂದು ಕೆಳಗೇ ನಿಂತು ಮಾತಾಡಿ ಗೊತ್ತುಮಾಡಿಕೊಳ್ಳಿ. ಸೌದೆಯ ಮಾತೆತ್ತಿದರೆ ಬೇಡವೆನ್ನಿ, ದಿನಕ್ಕೆ ಇಷ್ಟು ಎಂದು ಕೂಲಿ ಗೊತ್ತುಮಾಡಿ ಕೈಗೆ ಕೊಡಿ. ಬಿದ್ದ ಪುರಲೆಯನ್ನೂ ಬೇಕಾದರೆ ಅವರೇ ಒಯ್ಯಲಿ.